ದುಡ್ಡು ಕೊಟ್ಟು ಸ್ಕ್ರಿಪ್ಟ್ ಓದಿಸಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಮಾನ್ವಿ ತಾಲೂಕಿನ ಒಂದು ಹಳ್ಳಿಯವನು. ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ವೇಬ್ರಿಡ್ಜ್ ಕೆಲಸ. ಲಾರಿ ಇಲ್ಲದ ಹೊತ್ತಿನಲ್ಲಿ ಕೂತು ಒಂದು ಸಿನಿಮಾ ಸ್ಕ್ರಿಪ್ಟ್ ಬರೆದಿದ್ದೇನೆ. ಎಡದಂಡೆ ಕಾಲುವೆಯ ಕೊನೆ ಭಾಗದ ಊರು, ನೀರು ಬರಲ್ಲ. ಅಣ್ಣ ರೈತ, ತಮ್ಮ ಅದೇ ಕಾಲುವೆಯ ಗೇಟು ನೋಡಿಕೊಳ್ಳುವ ಗ್ಯಾಂಗ್‌ಮನ್. ಅವರಿಬ್ಬರ ಕಥೆ. ಗೆಳೆಯನೊಬ್ಬ ಇಂಗ್ಲಿಷಿಗೆ ಮಾಡಿಕೊಟ್ಟ. ಅಮೆರಿಕದ ಒಂದು ಸೈಟಿಗೆ ಎಲ್ಲಾ ಸೇರಿ 11,000 ರೂಪಾಯಿ ಕಟ್ಟಿ ಹಾಕಿದೆ. 10ಕ್ಕೆ 5 ಬಂತು, ಸಂಭಾಷಣೆಗೆ ಬರೀ 4. ಈಗ ಬೆಂಗಳೂರಿನ ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ಸಿಕ್ಕಿದ್ದಾರೆ. 15,000 ಕೊಟ್ಟರೆ ರಿಪೋರ್ಟ್ ಕೊಡ್ತೀವಿ, ಚೆನ್ನಾಗಿದ್ದರೆ ಪ್ರೊಡಕ್ಷನ್ ಹೌಸ್‌ಗಳಿಗೆ ಕಳಿಸ್ತೀವಿ ಅಂತಾರೆ. ಕೊಡಬಹುದಾ? ಕಥೆ ಕದ್ದುಬಿಟ್ಟರೆ? 5 ಬಂದಿದೆ ಅಂದರೆ ನನಗೆ ಬರೆಯೋಕೆ ಬರಲ್ಲ ಅಂತಾನಾ? ಮೊದಲ 20 ಪುಟ ಮತ್ತು ಆ ರಿಪೋರ್ಟ್ ಜೊತೆಗಿಟ್ಟಿದ್ದೇನೆ.
(ಹೆಸರು ಬೇಡ, ಸಿಂಧನೂರು)

ಉತ್ತರ: ಬರೆಯೋಕೆ ಬರುತ್ತದೆ. 20 ಪುಟ ಓದಿದ ಮೇಲೆ ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಆದರೆ ಆ 15,000 ರೂಪಾಯಿಯನ್ನು ಈಗ ಕಳಿಸಬೇಡಿ.

ಮುಂದೆ ಹೋಗುವ ಮೊದಲು ಒಂದು ಮಾತು. ನಾನೂ ಫೀಸು ತಗೊಂಡು ಸ್ಕ್ರಿಪ್ಟ್ ಓದಿಕೊಡುವವನೇ. ಬಳ್ಳಾರಿಯಲ್ಲಿ ಕೂತು ಹೆಚ್ಚಾಗಿ ನಮ್ಮ ಕಡೆಯ ಹುಡುಗ ಹುಡುಗಿಯರ ಸ್ಕ್ರಿಪ್ಟ್ ನೋಡುತ್ತೇನೆ. ಹಾಗಾಗಿ ಈ ಕಸುಬೇ ಮೋಸ ಅನ್ನೋ ಮಾತು ನನ್ನ ಬಾಯಿಂದ ಬರುವುದಿಲ್ಲ. ಮೋಸ ಅಲ್ಲ ಅಂತ ನಾನು ಹೇಳಿದಾಗ ನೀವು ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಿ. ನಿಮ್ಮ ಸ್ಕ್ರಿಪ್ಟನ್ನು ನಾನು ಫೀಸಿಗೆ ಓದುವುದಿಲ್ಲ ಅಂತಲೂ ಇಲ್ಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗಬೇಡ, ನನ್ನ ಅಂಗಡಿಗೆ ಬಾ ಅಂದ ಹಾಗಾಗುತ್ತದೆ.

ಈ ರಿಪೋರ್ಟ್ ಅನ್ನೋದು ಎಲ್ಲಿಂದ ಬಂತು ಅಂತ ತಿಳಿದರೆ ನಿಮ್ಮ 5ರ ತೂಕ ಎಷ್ಟು ಅಂತಲೂ ಗೊತ್ತಾಗುತ್ತದೆ. ಹಾಲಿವುಡ್ ಸ್ಟುಡಿಯೋಗಳಿಗೆ ಬರುವ ಸ್ಕ್ರಿಪ್ಟ್‌ಗಳನ್ನೆಲ್ಲಾ ಅಲ್ಲಿನ ದೊಡ್ಡವರು ಓದಲ್ಲ. ಓದೋಕೆ ಅಂತಲೇ ಸಂಬಳದ ಜನ ಇರುತ್ತಾರೆ, ರೀಡರ್‌ಗಳು. ಅವರು ಓದಿ ಒಂದೆರಡು ಸಾಲಿನಲ್ಲಿ ಸಾರ, ಒಂದೆರಡು ಪುಟದಲ್ಲಿ ಕಥೆ, ಆಮೇಲೆ ತಮ್ಮ ಅಭಿಪ್ರಾಯ ಬರೆಯುತ್ತಾರೆ. ಕೊನೆಗೆ ಒಂದು ತೀರ್ಪು ಹಾಕುತ್ತಾರೆ: ಬೇಡ, ನೋಡಬಹುದು, ಖಂಡಿತ ನೋಡಿ. ಇದಕ್ಕೆ ಅಲ್ಲಿ ಕವರೇಜ್ ಅಂತಾರೆ. ಇದು ಕೆಳಗಿನವನು ತನ್ನ ಬಾಸ್‌ಗೆ ಬರೆದುಕೊಡುವ ಕಾಗದ. ಸ್ಕ್ರಿಪ್ಟ್ ಬರೆದವನ ಕೈಗೆ ಅದು ಸಾಮಾನ್ಯವಾಗಿ ಸಿಗುವುದೂ ಇಲ್ಲ. ಬಾಸ್‌ಗೆ ಬೇಕಾದದ್ದು ಒಂದೇ, ಇದನ್ನು ಓದಲಾ ಬಿಡಲಾ. ಹೇಗೆ ತಿದ್ದಬೇಕು ಅನ್ನೋದು ಅವನ ತಲೆನೋವಲ್ಲ.

ಈಗ ಹೆಚ್ಚಿನ ಸೈಟುಗಳು ಇದೇ ನಮೂನೆಯ ಕಾಗದವನ್ನು ಬರೆದವನಿಗೇ ಮಾರುತ್ತಿವೆ. ನಿಮ್ಮ ರಿಪೋರ್ಟ್ ನೋಡಿ. ಒಂದೂವರೆ ಪುಟ ಇದೆ. ಅದರಲ್ಲಿ ಮುಕ್ಕಾಲು ಪುಟ ನಿಮ್ಮದೇ ಕಥೆಯನ್ನು ನಿಮಗೇ ತಿರುಗಿ ಹೇಳಿದೆ! ಬಾಸ್‌ಗಾದರೆ ಅದು ಬೇಕಿತ್ತು. ನಿಮಗೆ ಅದರಿಂದ ಏನು ಉಪಯೋಗ?

ನಮ್ಮ ಕಡೆಯ ಹುಡುಗರು ನನ್ನನ್ನು ಜಾಸ್ತಿ ಕೇಳುವುದು ದಿ ಬ್ಲ್ಯಾಕ್ ಲಿಸ್ಟ್ ಬಗ್ಗೆ. ಆ ಹೆಸರಿನಲ್ಲಿ ಎರಡು ವಿಷಯ ಇವೆ, ಕಲಸಿಕೊಳ್ಳಬೇಡಿ. ಫ್ರ್ಯಾಂಕ್ಲಿನ್ ಲಿಯೊನಾರ್ಡ್ ಅನ್ನುವವರು 2005ರಲ್ಲಿ ತಮ್ಮ ಸಿನಿಮಾ ವಲಯದ ಪರಿಚಯದವರನ್ನೆಲ್ಲಾ ಒಂದು ಪ್ರಶ್ನೆ ಕೇಳಿದರು. ಇನ್ನೂ ಸಿನಿಮಾ ಆಗದ ಸ್ಕ್ರಿಪ್ಟ್‌ಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು ಅಂತ. ಉತ್ತರಗಳನ್ನು ಕೂಡಿಸಿ ಒಂದು ಪಟ್ಟಿ ಮಾಡಿದರು. ವರ್ಷ ವರ್ಷ ಬರುವ, ದೊಡ್ಡ ಹೆಸರು ಮಾಡಿದ ಪಟ್ಟಿ ಅದು. ಅದಕ್ಕೆ ದುಡ್ಡು ಕಟ್ಟಿ ಸೇರೋಕೆ ಆಗಲ್ಲ. ದುಡ್ಡು ಕಟ್ಟಿ ಸ್ಕ್ರಿಪ್ಟ್ ಹಾಕಿ ಅಂಕ ತಗೊಳ್ಳುವ ಸೈಟ್ ಶುರುವಾಗಿದ್ದು 2012ರಲ್ಲಿ. ಅದು ಬೇರೆ. ಅಲ್ಲಿ 10ಕ್ಕೆ 8 ಅಥವಾ ಮೇಲೆ ಬಂದರೆ ಸ್ಕ್ರಿಪ್ಟ್ ಮುಂದಕ್ಕೆ ಬರುತ್ತದೆ, ಅಲ್ಲಿನ ಏಜೆಂಟರು, ಮ್ಯಾನೇಜರುಗಳ ಕಣ್ಣಿಗೆ ಬೀಳಬಹುದು. ಆ ಊರಿಗೆ ಅದು ಸರಿಯಾದ ವ್ಯವಸ್ಥೆಯೇ. ಅಲ್ಲಿ ಒಬ್ಬ ಬರೆದು ಮಾರುತ್ತಾನೆ, ಏಜೆಂಟ್ ಒಯ್ಯುತ್ತಾನೆ, ನಿರ್ಮಾಪಕ ಕೊಳ್ಳುತ್ತಾನೆ, ಆಮೇಲೆ ನಿರ್ದೇಶಕ ಬರುತ್ತಾನೆ.

ಗಾಂಧಿನಗರದಲ್ಲಿ ಹಾಗೆ ನಡೆಯಲ್ಲ. ನಮ್ಮ ಸಿನಿಮಾಗಳ ಟೈಟಲ್ ಕಾರ್ಡ್ ನೋಡಿದ್ದೀರಲ್ಲ, ಕಥೆ-ಚಿತ್ರಕಥೆ-ಸಂಭಾಷಣೆ-ನಿರ್ದೇಶನ ಅಂತ ಎಷ್ಟೋ ಸಲ ಒಂದೇ ಹೆಸರು ಬರುತ್ತದೆ. ಇಲ್ಲಿ ಸ್ಕ್ರಿಪ್ಟ್ ಓದುವವರು ಕಡಿಮೆ, ಕೇಳುವವರೇ ಜಾಸ್ತಿ. ಹೀರೋ ಮುಂದೆ, ನಿರ್ಮಾಪಕರ ಮುಂದೆ ಕೂತು ಎರಡು ಗಂಟೆ ಕಥೆ ಹೇಳಬೇಕು. ಇಂಟರ್ವಲ್‌ಗೆ ಏನು ಆಗುತ್ತೆ ಅಂತ ಕೇಳುತ್ತಾರೆ. ಮಧ್ಯೆ ಫೋನ್ ಬರುತ್ತದೆ, ಹೊರಗೆ ಹೋಗಿ ಬರುತ್ತಾರೆ, ಬಿಟ್ಟ ಜಾಗದಿಂದ ಮತ್ತೆ ಹಿಡಿಯಬೇಕು. ಅಲ್ಲಿ ನೀವು ಅಮೆರಿಕದ 8 ಅಂಕದ ಕಾಗದ ತೆಗೆದರೂ ಅವರು ಹೇಳುವುದು ಇಷ್ಟೇ: “ಅದಿರ್ಲಿ, ಕಥೆ ಹೇಳಪ್ಪಾ.” ಅಂದಮೇಲೆ 5 ಬಂದದ್ದಕ್ಕೆ ನಿದ್ದೆ ಕೆಡಿಸಿಕೊಳ್ಳುವುದು ಯಾಕೆ?

ಹಾಗಂತ ಆ ರಿಪೋರ್ಟನ್ನು ಒಲೆಗೆ ಹಾಕಬೇಡಿ. ಅದರಲ್ಲಿ ಒಂದು ಸಾಲು ನಿಮಗೆ ಬೇಕಾದದ್ದಿದೆ. ಅದನ್ನು ಹುಡುಕಿ ತೆಗೆಯೋಣ.

ನಿಮ್ಮ 11ನೇ ಪುಟ. ರಾತ್ರಿ, ತೂಬಿನ ಹತ್ತಿರ. ತಮ್ಮ ಗೇಟಿನ ಕಟ್ಟೆ ಮೇಲೆ ಕೂತಿದ್ದಾನೆ. ಅಣ್ಣ ಬ್ಯಾಟರಿ ಹಿಡಿದು ಬರುತ್ತಾನೆ. ಆಮೇಲೆ ಈ ಮಾತು:

ಅಣ್ಣ: ಗೇಜ್ ಎಷ್ಟೈತಿ?
ತಮ್ಮ: ಉಂಡಿಯೇನಣ್ಣ?
ಅಣ್ಣ: ಗೇಜ್ ಕೇಳೀನಿ ನಾ.
ತಮ್ಮ: ಅವ್ವ ಉಂಡಾಳೇನು?

ಇದನ್ನು ಓದಿ ನಾನು ಪುಟ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕಾಲುವೆಯ ಮೇಲ್ಭಾಗದವರು ನೀರು ಹೊಡೆದುಕೊಂಡಿದ್ದಾರೆ, ಗೇಜ್ (ಕಾಲುವೆ ನೀರಿನ ಮಟ್ಟ) ಇಳಿದಿದೆ, ತಮ್ಮನಿಗೆ ಗೊತ್ತು, ಅಣ್ಣನ ಮುಖ ನೋಡಿ ಹೇಳೋಕೆ ಆಗುತ್ತಿಲ್ಲ. ನಾಲ್ಕು ಸಾಲಿನಲ್ಲಿ ಇಷ್ಟೆಲ್ಲಾ ಬಂತು. ಅವರಿಬ್ಬರ ನಡುವೆ ಅವ್ವನೂ ಬಂದು ಕೂತಳು. ಇದನ್ನು ಬರೆದವನಿಗೆ ಸಂಭಾಷಣೆ ಬರಲ್ಲ ಅಂತ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಈಗ ನಿಮ್ಮ ಗೆಳೆಯನ ಇಂಗ್ಲಿಷ್ ನೋಡಿ. ಅವನು ತಪ್ಪೇನೂ ಮಾಡಿಲ್ಲ, ಒಂದೊಂದು ಮಾತನ್ನೂ ನೆಟ್ಟಗೆ ಇಳಿಸಿದ್ದಾನೆ. ಆದರೆ ಆ ಕಡೆ ಕೂತು ಓದುವವನಿಗೆ ಕಂಡದ್ದು ಇಷ್ಟು: ಒಬ್ಬ ಏನೋ ಅಳತೆ ಕೇಳುತ್ತಾನೆ, ಇನ್ನೊಬ್ಬ ಊಟದ ಬಗ್ಗೆ ಮಾತಾಡುತ್ತಾನೆ. ಅದಕ್ಕೇ ಅವನು ಬರೆದ, ಪಾತ್ರಗಳು ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡುವುದಿಲ್ಲ, ಸಂಭಾಷಣೆ ಅಸ್ಪಷ್ಟ ಅಂತ. ನೀವು ಬೇಕು ಅಂತಲೇ ಮಾಡಿದ್ದನ್ನು ಅವನು ತಪ್ಪು ಅಂತ ಗುರುತು ಹಾಕಿದ. 4 ಅಂಕ ಬಿದ್ದದ್ದು ನಿಮ್ಮ ಸಂಭಾಷಣೆಗಲ್ಲ, ಅದರ ಇಂಗ್ಲಿಷಿಗೆ.

ಆದರೂ ಅದೇ ಪ್ಯಾರಾದಲ್ಲಿ ಅವನು ಇನ್ನೊಂದು ಮಾತು ಬರೆದಿದ್ದಾನೆ. ಗೇಜ್ ಅಂದರೇನು, ಅದು ಇಳಿದರೆ ಏನಾಗುತ್ತದೆ ಅಂತ ಎಲ್ಲೂ ತಿಳಿಯಲ್ಲ ಅಂತ. ಇದು ನೂರಕ್ಕೆ ನೂರು ನಿಜ. ಸಿರವಾರ, ಮಾನ್ವಿ ಕಡೆ ಚಹಾದಂಗಡಿಯಲ್ಲೂ ಗೇಜ್ ಮಾತು ನಡೆಯುತ್ತದೆ. ಮಂಡ್ಯದವರಿಗೂ ಕಾಲುವೆ ಗೊತ್ತು, ಅರ್ಥ ಮಾಡಿಕೊಳ್ಳುತ್ತಾರೆ ಅನ್ನೋಣ. ಮಂಗಳೂರಿನಲ್ಲಿ ಟಿಕೆಟ್ ತಗೊಂಡು ಕೂತವನ ಗತಿ ಏನು? ಅವನಿಗೂ ಆ ಅಮೆರಿಕದವನಿಗೂ ಈ ವಿಷಯದಲ್ಲಿ ಏನೂ ವ್ಯತ್ಯಾಸ ಇಲ್ಲ. ಈ ಸೀನ್‌ಗೆ ಮೊದಲು ಎಲ್ಲಾದರೂ, ಮಾತೇ ಇಲ್ಲದೆ, ಕಾಲುವೆ ಗೋಡೆ ಮೇಲೆ ಬಣ್ಣದಲ್ಲಿ ಬರೆದ ಅಡಿ ಗುರುತು ತೋರಿಸಿ. ನೀರು ಒಂದು ಗುರುತಿಗಿಂತ ಕೆಳಗಿಳಿದರೆ ಅಣ್ಣನ ಹೊಲದ ಕಡೆ ಹೋಗುವ ತೂಬಿಗೆ ನೀರು ಹತ್ತಲ್ಲ ಅಂತ ಒಂದು ಸಲ ಕಣ್ಣಿಗೆ ಬೀಳಲಿ. ಆಮೇಲೆ 11ನೇ ಪುಟದ ನಾಲ್ಕು ಸಾಲನ್ನು ಮುಟ್ಟಲೇಬೇಡಿ. ಮಂಗಳೂರಿನವನೂ ಉಸಿರು ಹಿಡಿದು ಕೇಳುತ್ತಾನೆ.

ದುಡ್ಡು ಕೊಟ್ಟು ಓದಿಸಿದ ಯಾವ ರಿಪೋರ್ಟ್ ಬಂದರೂ ಹೀಗೇ ನೋಡುವುದು. ಓದುವವನು ಹೇಳಿದ ಕಾರಣ ತಪ್ಪಿರಬಹುದು, ಹೇಳಿದ ಪರಿಹಾರ ಅದಕ್ಕಿಂತ ತಪ್ಪಿರಬಹುದು. ಆದರೆ ಅವನು ಎಡವಿದ ಜಾಗ ಇದೆಯಲ್ಲ, ಅದು ಬಹಳ ಸಲ ಸರಿಯಾಗಿರುತ್ತದೆ. ಆ ಜಾಗದಲ್ಲಿ ಒಂದು ಗುರುತು ಹಾಕಿಕೊಂಡು, ಕಾರಣವನ್ನು ನೀವೇ ಹುಡುಕಬೇಕು.

ಇನ್ನೊಂದು ಆಕ್ಷೇಪ, 168 ಪುಟ ಬಹಳ ಉದ್ದವಾಯಿತು ಅನ್ನೋದು. ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷ್ ಟೈಪ್‌ರೈಟರ್ ಅಕ್ಷರದ್ದು. ಕೊರಿಯರ್ ಅನ್ನುವ ಫಾಂಟ್, 12ರ ಅಳತೆ, ಇಷ್ಟೇ ಅಂಚು ಅಂತ ಕಟ್ಟುನಿಟ್ಟಾಗಿ ಹಾಕಿದರೆ ಮಾತ್ರ ಅದು ಹೆಚ್ಚು ಕಡಿಮೆ ಸರಿಹೋಗುತ್ತದೆ. ನಿಮ್ಮ ಗೆಳೆಯ ಆ ಅಳತೆಯಲ್ಲಿ ಹಾಕಿಲ್ಲ. ನಿಮ್ಮ ಕನ್ನಡ ಪ್ರತಿ ನುಡಿ ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿದೆ, ಅಕ್ಷರ ದಪ್ಪ, ಸಾಲಿನ ನಡುವೆ ಜಾಗ ಜಾಸ್ತಿ. ಆ ಲೆಕ್ಕ ಇಲ್ಲಿ ನಡೆಯಲ್ಲ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು, ಮಾತುಗಳನ್ನು ಜೋರಾಗಿ ಓದುತ್ತಾ, ನಡೆದಾಟವನ್ನು ಮನಸ್ಸಿನಲ್ಲಿ ನೋಡುತ್ತಾ ಹತ್ತು ಪುಟ ಮಾಡಿ. ನಾನು ನಿಮ್ಮ ಮೊದಲ ಹತ್ತು ಪುಟಕ್ಕೆ ಹಾಗೆ ಮಾಡಿದೆ. ಏಳು ನಿಮಿಷದ ಹತ್ತಿರ ಬಂತು. ಇಡೀ ಸ್ಕ್ರಿಪ್ಟ್ ಇದೇ ವೇಗದಲ್ಲಿ ಹೋದರೆ ಎರಡು ಗಂಟೆಯ ಸಿನಿಮಾ. ಉದ್ದ ಏನಿಲ್ಲ.

ನಿಮ್ಮ ಗೆಳೆಯ ಮುಂದೆ ಆಸ್ಕರ್ ಅಕಾಡೆಮಿಯ ನಿಕೋಲ್ ಫೆಲೋಶಿಪ್ ಅನ್ನುವ ಸ್ಕ್ರಿಪ್ಟ್ ಸ್ಪರ್ಧೆಗೂ ಹಾಕೋಣ ಅನ್ನಬಹುದು. ಅದಕ್ಕೆ ಸ್ಕ್ರಿಪ್ಟ್ ಮೂಲದಲ್ಲೇ ಇಂಗ್ಲಿಷಿನಲ್ಲಿ ಬರೆದದ್ದಾಗಿರಬೇಕು, ಅನುವಾದ ನಡೆಯಲ್ಲ. ಅದನ್ನು ಮರೆತುಬಿಡಿ.

ಇನ್ನು ಬೆಂಗಳೂರಿನವರು. ಅವರು ಹೇಳಿದ್ದರಲ್ಲಿ ಎರಡು ಕೆಲಸ ಇವೆ, ಓದುವುದು ಮತ್ತು ಕಳಿಸುವುದು. ಎರಡನ್ನೂ ಬೇರೆ ಬೇರೆ ನೋಡಿ.

ಓದುವುದಕ್ಕೆ 15,000 ಜಾಸ್ತಿಯಾ ಅಂತ ಕೇಳಿದರೆ, ಸರಿಯಾಗಿ ಓದಿದರೆ ಜಾಸ್ತಿ ಏನಲ್ಲ. ಪೂರ್ತಿ ಸಿನಿಮಾದ ಸ್ಕ್ರಿಪ್ಟ್ ಒಂದು ಸಲ ಓದಿ, ಇನ್ನೊಂದು ಸಲ ಪೆನ್ನು ಹಿಡಿದು ಓದಿ, ಟಿಪ್ಪಣಿ ಬರೆದು, ಆಮೇಲೆ ಬರೆದವನ ಜೊತೆ ಒಂದೆರಡು ಗಂಟೆ ಮಾತಾಡಿದರೆ ಎರಡು ದಿನದ ಕೆಲಸ. 499 ರೂಪಾಯಿಗೆ 24 ಗಂಟೆಯಲ್ಲಿ ರಿಪೋರ್ಟ್ ಅನ್ನುವವರನ್ನು ಕಂಡರೇ ನನಗೆ ಜಾಸ್ತಿ ಅನುಮಾನ. ಆ ದುಡ್ಡಿಗೆ ಯಾವ ಮನುಷ್ಯ ಕೂತು 168 ಪುಟ ಓದುತ್ತಾನೆ ಹೇಳಿ. ಎಐಗೆ ಹಾಕಿ ಬಂದದ್ದನ್ನು ಕಳಿಸುತ್ತಾರೆ. ನುಡಿಯಲ್ಲಿ ಹಳೇ ಪದ್ಧತಿಯಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ಒಂದು ಮಜಾ ಇದೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಆದರೆ ಅಕ್ಷರ ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿ ಬರುತ್ತದೆ. ಅಂಥ ಫೈಲ್ ಕಳಿಸಿದ ಮೇಲೆ “ಯೂನಿಕೋಡ್‌ನಲ್ಲಿ ಕಳಿಸಿ” ಅಂತ ಅವಸರ ಮಾಡಿದರೆ, ಯಾಕೆ ಬೇಕು ಅಂತ ಒಂದು ಸಲ ಕೇಳಿ ನೋಡಿ.

ಮನುಷ್ಯನೇ ಓದಿದ್ದಾನೋ ಇಲ್ಲವೋ ಅನ್ನೋದನ್ನು ರಿಪೋರ್ಟ್ ನೋಡಿದರೇ ಹೇಳಬಹುದು. “ಪಾತ್ರಗಳಿಗೆ ಇನ್ನಷ್ಟು ಆಳ ಬೇಕು, ಸೆಕೆಂಡ್ ಹಾಫ್ ಸ್ವಲ್ಪ ಎಳೆದ ಹಾಗಿದೆ, ಸಂಭಾಷಣೆ ಚುರುಕಾಗಬೇಕು.” ಈ ಮೂರು ಮಾತನ್ನು ನಾಳೆ ಬಿಡುಗಡೆಯಾಗುವ ಯಾವ ಸಿನಿಮಾದ ಮೇಲೆ ಹಾಕಿದರೂ ಕೂರುತ್ತವೆ. ಕೆಲಸಕ್ಕೆ ಬರುವ ಟಿಪ್ಪಣಿಯಲ್ಲಿ ಪುಟದ ಸಂಖ್ಯೆ ಇರುತ್ತದೆ, ಪ್ರಶ್ನೆ ಇರುತ್ತದೆ. ನಿಮ್ಮ 20 ಪುಟಕ್ಕೆ ನಾನು ಬರೆದುಕೊಂಡ ಎರಡು ಟಿಪ್ಪಣಿ ಹೇಳುತ್ತೇನೆ, ಯಾವುದಕ್ಕೆ ದುಡ್ಡು ಕೊಡಬೇಕು ಅಂತ ಗೊತ್ತಾಗಲಿ.

ಒಂದು. ಅಣ್ಣನಿಗೆ ಬೆಳೆಸಾಲ ಇದೆ ಅನ್ನೋದನ್ನು 4ನೇ ಪುಟದಲ್ಲಿ ಅವ್ವ ಹೇಳುತ್ತಾಳೆ. 7ರಲ್ಲಿ ಗೊಬ್ಬರದ ಅಂಗಡಿಯವನು ಹೇಳುತ್ತಾನೆ. 9ರಲ್ಲಿ ಬ್ಯಾಂಕಿನವರು ಹೇಳುತ್ತಾರೆ. ನಿಮಗೆ ನೋಡುವವರ ಮೇಲೆ ನಂಬಿಕೆ ಇಲ್ಲ. ಅಂಗಡಿಯವನ ಸೀನ್ ಒಂದೇ ಸಾಕು, ಯಾಕಂದರೆ ಅಲ್ಲಿ ಮಾತ್ರ ಅಣ್ಣನಿಗೆ ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತದೆ. ಉಳಿದ ಎರಡು ಬರೀ ಮಾಹಿತಿ.

ಎರಡು. 6ನೇ ಪುಟದಲ್ಲಿ ತಮ್ಮ ಮನೆಗೆ ಬಂದು ತೂಬಿನ ಗೇಟಿನ ಬೀಗದ ಕೈಯನ್ನು ಬಾಗಿಲ ಹಿಂದಿನ ಮೊಳೆಗೆ ಹಾಕುತ್ತಾನೆ. ಆಮೇಲೆ 20ನೇ ಪುಟದವರೆಗೂ ಆ ಬೀಗದ ಕೈ ಸುದ್ದಿಯೇ ಇಲ್ಲ. ಅಣ್ಣ ತಮ್ಮ ಒಂದೇ ಮನೆಯಲ್ಲಿದ್ದಾರೆ. ಅಣ್ಣನಿಗೆ ಸಿಗುವಷ್ಟು ಹತ್ತಿರ ಆ ಬೀಗದ ಕೈ ನೇತಾಡುತ್ತಿದೆ. ಅದನ್ನು ಅವನು ನೋಡುವುದಿಲ್ಲವಾ? ನೋಡಿಯೂ ಮುಟ್ಟದೇ ಇದ್ದರೆ ಯಾಕೆ? ಅವನ ಹೆಂಡತಿ ಒಂದು ಮಾತೂ ಅನ್ನುವುದಿಲ್ಲವಾ? ಮುಂದೆ ಎಲ್ಲೋ ಇದು ಬರುತ್ತದೆ ಅಂತ ನನ್ನ ಊಹೆ. ಬಂದರೂ ಅಲ್ಲಿಯವರೆಗೆ ನಾವು ಮರೆತಿರಬಾರದು.

ಆ ಬೆಂಗಳೂರಿನವರಿಗೆ ಫೋನ್ ಮಾಡಿದಾಗ ಕೇಳಬೇಕಾದದ್ದು ಇದರಿಂದಲೇ ಬರುತ್ತದೆ. ಓದುವವರು ಯಾರು, ಅವರ ಹೆಸರೇನು, ಯಾವ ಸಿನಿಮಾಕ್ಕೆ ಬರೆದಿದ್ದಾರೆ ಅಥವಾ ಯಾರ ಟೀಮಿನಲ್ಲಿ ಕೆಲಸ ಮಾಡಿದ್ದಾರೆ. ಹಿಂದೆ ಮಾಡಿದ ಒಂದು ರಿಪೋರ್ಟನ್ನು ಹೆಸರು ಅಳಿಸಿ ತೋರಿಸುತ್ತಾರಾ. ರಿಪೋರ್ಟ್ ಕೊಟ್ಟ ಮೇಲೆ ಮಾತಾಡಲು ಸಿಗುತ್ತಾರಾ. ಎಲ್ಲಕ್ಕಿಂತ ಮುಖ್ಯ, ನಮ್ಮ ಕಡೆಯ ಕನ್ನಡ ಅವರಿಗೆ ಕಿವಿಯಲ್ಲಿದೆಯಾ. “ಉಂಡಾಳೇನು” ಅನ್ನೋದನ್ನು “ಊಟ ಮಾಡಿದ್ದಾರಾ” ಅಂತ ಮಾಡಿ, ಎಲ್ಲರಿಗೂ ಅರ್ಥ ಆಗಬೇಕಲ್ವಾ ಅನ್ನುವ ಥರದವರು ಇದ್ದಾರೆ. ಅಂಥವರ ಕೈಗೆ ಈ ಸ್ಕ್ರಿಪ್ಟ್ ಕೊಡಬೇಡಿ. ಬೇಕಾದರೆ ನಿಮ್ಮ 11ನೇ ಪುಟ ಒಂದನ್ನೇ ಕಳಿಸಿ, ಇದರಲ್ಲಿ ಏನು ನಡೀತಿದೆ ಅಂತ ಕೇಳಿ. ಉತ್ತರದಲ್ಲೇ ಎಲ್ಲಾ ಗೊತ್ತಾಗುತ್ತದೆ. ಅದಕ್ಕೂ ಫೀಸು ಕೇಳಿದರೆ ಕೊಡಿ, ನೂರು ಇನ್ನೂರಲ್ಲಿ ಮುಗಿಯುತ್ತದೆ.

ಕಳಿಸುವ ಮಾತಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. “ಚೆನ್ನಾಗಿದ್ದರೆ” ಅನ್ನೋದರಲ್ಲೇ ಎಲ್ಲಾ ಇದೆ. ಮೊದಲ ರಿಪೋರ್ಟಿನಲ್ಲಿ ಚೆನ್ನಾಗಿದೆ, ಇನ್ನೊಂದು ಡ್ರಾಫ್ಟ್ ಆದರೆ ಕಳಿಸಬಹುದು ಅಂತ ಬರುತ್ತದೆ. ಆ ಡ್ರಾಫ್ಟ್ ಓದೋಕೆ ಇನ್ನೊಂದು ಫೀಸು. ಆಮೇಲೆ ನಮ್ಮವರೇ ತಿದ್ದಿಕೊಡ್ತಾರೆ ಅಂತ ಮತ್ತೊಂದು ಫೀಸು, ಜೊತೆಗೆ ಚಿತ್ರಕಥೆಯಲ್ಲಿ ಅವರ ಹೆಸರು. ನಿಜವಾಗಲೂ ನಿರ್ಮಾಪಕರ ಪರಿಚಯ ಇರುವವನಿಗೆ ಒಳ್ಳೆ ಸ್ಕ್ರಿಪ್ಟ್ ಸಿಕ್ಕರೆ ಅವನೇ ಅದನ್ನು ಎತ್ತಿಕೊಂಡು ಓಡುತ್ತಾನೆ. ಅದರಲ್ಲಿ ಅವನಿಗೂ ಲಾಭ ಇದೆ. ನಿಮ್ಮಿಂದ ಯಾಕೆ ದುಡ್ಡು ಕೇಳುತ್ತಾನೆ? ಯಾವ ಸಂಸ್ಥೆಗೆ, ಯಾರಿಗೆ ಕಳಿಸುತ್ತೀರಿ, ಬರೆದು ಕೊಡಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಕೇಳಿ. ಅಲ್ಲಿಗೆ ಮಾತು ನಿಲ್ಲುವ ಸಾಧ್ಯತೆ ಜಾಸ್ತಿ.

ಕಳ್ಳತನದ ಭಯ ಎಲ್ಲರಿಗೂ ಇದೆ. ಕಾನೂನು ಏನು ಕಾಯುತ್ತದೆ, ಏನು ಕಾಯಲ್ಲ ಅಂತ ತಿಳಿದುಕೊಂಡರೆ ಭಯ ಅರ್ಧ ಆಗುತ್ತದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಆದರೆ ಹಕ್ಕು ಇರುವುದು ಬರೆದ ರೂಪಕ್ಕೆ. ಐಡಿಯಾಕ್ಕೆ ಹಕ್ಕಿಲ್ಲ. ಆರ್.ಜಿ. ಆನಂದ್ ಅನ್ನುವ ನಾಟಕಕಾರರು ತಮ್ಮ ನಾಟಕವನ್ನು ಒಬ್ಬ ಸಿನಿಮಾ ನಿರ್ದೇಶಕರಿಗೆ ಓದಿ ಹೇಳಿದ್ದರು. ಆಮೇಲೆ ಬಂದ ಸಿನಿಮಾ ತನ್ನ ನಾಟಕದ್ದೇ ಅಂತ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ವಿಷಯ ಒಂದೇ ಇರಬಹುದು, ಹೇಳಿದ ರೀತಿ ಬೇರೆ ಅಂತ. ಇವತ್ತಿಗೂ ಈ ಜಗಳಗಳಲ್ಲಿ ಆ ತೀರ್ಪನ್ನೇ ಎತ್ತುತ್ತಾರೆ. ಅಂದರೆ, ಕಾಲುವೆ ನೀರಿಗೆ ಜಗಳಾಡುವ ಅಣ್ಣ ತಮ್ಮ ಅನ್ನೋದು ನಿಮ್ಮೊಬ್ಬರದಲ್ಲ, ಯಾರು ಬೇಕಾದರೂ ಬರೆಯಬಹುದು. ಗೇಜ್ ಕೇಳಿದರೆ ಅವ್ವನ ಊಟ ಕೇಳುವ ತಮ್ಮ, ಆ ಸೀನು, ಸೀನುಗಳ ಆ ಜೋಡಣೆ, ಅದು ನಿಮ್ಮದು. ಹಾಗಾಗಿ ಒನ್‌ಲೈನ್ (ಕಥೆಯ ಒಂದೆರಡು ಸಾಲಿನ ಸಾರ) ಕಳಿಸಿ ಭಯಪಡುವ ಬದಲು ಪೂರ್ತಿ ಬರೆದು ನೋಂದಾಯಿಸಿ.

ನೋಂದಣಿ ಕಷ್ಟ ಏನಿಲ್ಲ. ದೆಹಲಿಯ ಕಾಪಿರೈಟ್ ಆಫೀಸಿಗೆ ಆನ್‌ಲೈನಲ್ಲೇ ಅರ್ಜಿ ಹಾಕಬಹುದು. ಸ್ಕ್ರಿಪ್ಟ್ ಸಾಹಿತ್ಯ ಕೃತಿ ಲೆಕ್ಕದಲ್ಲಿ ಬರುತ್ತದೆ, ಫೀಸು 500 ರೂಪಾಯಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ಗೆ ಸದಸ್ಯರಾದರೆ ಅಲ್ಲೂ ಆನ್‌ಲೈನಲ್ಲಿ ನೋಂದಾಯಿಸಬಹುದು. ಫಿಲಂ ಚೇಂಬರ್‌ನಲ್ಲಿ ಟೈಟಲ್ ಮಾಡಿಸಿಬಿಟ್ಟರೆ ಕಥೆ ಸೇಫ್ ಅಂತ ಕೆಲವರು ತಿಳಿದಿದ್ದಾರೆ. ಅದು ಕಾಯುವುದು ಸಿನಿಮಾದ ಹೆಸರನ್ನು ಮಾತ್ರ. ಒಳಗಿನ ಕಥೆಗೂ ಅದಕ್ಕೂ ಸಂಬಂಧ ಇಲ್ಲ.

ಯಾರಿಗೇ ಕಳಿಸಿದರೂ ಈಮೇಲ್‌ನಲ್ಲಿ ಪಿಡಿಎಫ್ ಕಳಿಸಿ, ತಾರೀಕು ಇರುತ್ತದೆ. ಸೈಟಿನಲ್ಲಿ ಹಾಕುವಾಗ ಷರತ್ತುಗಳಿಗೆ ಕಣ್ಣು ಮುಚ್ಚಿ ಟಿಕ್ ಮಾಡಬೇಡಿ. ಕಥೆಯ ಮೇಲೆ ಮೊದಲ ಹಕ್ಕು ನಮಗೆ, ಇಷ್ಟು ತಿಂಗಳು ಬೇರೆಯವರಿಗೆ ಕೊಡಬಾರದು ಅಂತ ಎಲ್ಲಾದರೂ ಇದೆಯಾ ನೋಡಿ. ಹಕ್ಕು ಬಿಟ್ಟುಕೊಡುವುದಾದರೆ ಅದು ಬರಹದಲ್ಲೇ ಇರಬೇಕು, ಸಹಿ ಬೇಕು. ಎಷ್ಟು ವರ್ಷ ಅಂತ ಬರೆಯದೇ ಇದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ತಿಳಿಯುತ್ತದೆ. ಸುಮ್ನೆ ಬಿಳಿ ಹಾಳೆ ಮೇಲೆ ಸಹಿ ಮಾಡಿಸಿಕೊಳ್ಳುವವರು ಇದ್ದಾರೆ, ಜಾಗ್ರತೆ.

ಹಾಗಾದರೆ ಯಾರ ಹತ್ತಿರ ಓದಿಸುವುದು? ನಿಮಗೆ ಈಗ ಬೇಕಾದದ್ದು ಓದುವವರಲ್ಲ, ಕೇಳುವವರು. ಮಿಲ್ಲಿನಲ್ಲಿ ಒಂದು ಭಾನುವಾರ ಐದಾರು ಜನ ಕೂರಿಸಿ. ಲಾರಿ ಡ್ರೈವರ್ ಒಬ್ಬ ಇರಲಿ, ಕೊನೆ ಭಾಗದ ರೈತ ಒಬ್ಬ ಇರಲಿ, ಕಾಲುವೆ ಕಾಣದವನೂ ಒಬ್ಬ ಇರಲಿ. ಪೂರ್ತಿ ಜೋರಾಗಿ ಓದಿ. ಯಾವ ಪುಟದಲ್ಲಿ ಯಾರ ಕೈ ಮೊಬೈಲಿಗೆ ಹೋಯಿತು ಅಂತ ಅಂಚಿನಲ್ಲಿ ಗುರುತು ಹಾಕಿ. ಹೇಗಿತ್ತು ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಅಣ್ಣ ಯಾಕೆ ಹಾಗೆ ಮಾಡಿದ ಅಂತ ಕೇಳಿ. ಮೂವರು ಮೂರು ಉತ್ತರ ಕೊಟ್ಟರೆ ಅಲ್ಲಿ ಕೆಲಸ ಬಾಕಿ ಇದೆ.

ಆಮೇಲೆ ಒಬ್ಬ ನಾಟಕದವರು ಬೇಕು. ನಮ್ಮ ಕಡೆ ಅದಕ್ಕೆ ಬರ ಇಲ್ಲ. ಬಳ್ಳಾರಿ ರಾಘವ, ಜೋಳದರಾಶಿ ದೊಡ್ಡನಗೌಡರು, ಸುಭದ್ರಮ್ಮ ಮನ್ಸೂರ್ ಇದ್ದ ನೆಲ ಇದು. ರಾಯಚೂರಿನ ಜಂಬಲದಿನ್ನಿ ರಂಗಮಂದಿರದಲ್ಲಿ ನಾಟಕ ಇದ್ದ ದಿನ ಮುಗಿದ ಮೇಲೆ ಒಳಗೆ ಹೋಗಿ ಮಾತಾಡಿಸಿ, ಯಾರೂ ಅಟ್ಟಲ್ಲ. ಹಳ್ಳಿಗಳಲ್ಲಿ ನಾಟಕ ಕಲಿಸುವ ಮಾಸ್ತರುಗಳಿದ್ದಾರಲ್ಲ, ಅವರ ಹತ್ತಿರ ಹೋಗಿ ಒಂದು ಸೀನ್ ಓದಿ. ಅವರು ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ. “ಇವ ಈಗ ಯಾಕ ಒಳಗ ಬಂದ? ಬಂದಾವ ಏನು ತಗೊಂಡು ಹೊಂಟ?” ದೊಡ್ಡ ದೊಡ್ಡ ಫೀಸಿನ ರಿಪೋರ್ಟ್‌ಗಳಲ್ಲಿ ಈ ಪ್ರಶ್ನೆ ಬಂದದ್ದನ್ನು ನಾನು ಕಂಡಿದ್ದು ಕಡಿಮೆ. ಅವರಿಗೆ ಕ್ಯಾಮೆರಾ ಗೊತ್ತಿಲ್ಲದೆ ಇರಬಹುದು. ಮಾತು ಜಾಸ್ತಿ ಮಾಡಿ ಅನ್ನಬಹುದು, ಅದನ್ನು ಬಿಡಿ.

ಇದೆಲ್ಲಾ ಆಗಿ, ಇನ್ನು ನನಗೆ ಏನೂ ಕಾಣುತ್ತಿಲ್ಲ ಅನ್ನುವ ಹಂತಕ್ಕೆ ಬಂದಾಗ ದುಡ್ಡು ಕೊಟ್ಟು ಒಂದು ಸಲ ಓದಿಸಿ. ಆಗ ಅದಕ್ಕೆ ಬೆಲೆ ಇದೆ. ಮೊದಲ ಡ್ರಾಫ್ಟಿಗೆ ಓದಿಸಿದರೆ ನಿಮಗೇ ಗೊತ್ತಿರುವ ತಪ್ಪನ್ನು ಫೀಸು ಕೊಟ್ಟು ಹೇಳಿಸಿಕೊಂಡ ಹಾಗೆ. ಮೂರು ಕಡೆ ಓದಿಸಿ ಸರಾಸರಿ ತೆಗೆಯುವ ಚಟವೂ ಬೇಡ. ಮೂವರು ಮೂರು ದಿಕ್ಕಿಗೆ ಎಳೆದು, ನಿಮ್ಮ ಸಿನಿಮಾ ಯಾರದೂ ಅಲ್ಲದ ಸಿನಿಮಾ ಆಗುತ್ತದೆ. ನಮ್ಮ ಕಡೆ ಈ ಕಾಯಿಲೆ ಇನ್ನೊಂದು ರೀತಿಯಲ್ಲೂ ಇದೆ. ಬಳ್ಳಾರಿ, ರಾಯಚೂರಿನ ಟಾಕೀಸುಗಳಲ್ಲಿ ತೆಲುಗು ಸಿನಿಮಾ ನೋಡಿ ಬೆಳೆದವರು ನಾವು. ರಿಪೋರ್ಟಿನಲ್ಲಿ ‘ವೇಗ ಸಾಲದು’ ಅಂತ ಕಂಡ ತಕ್ಷಣ ಇಂಟರ್ವಲ್‌ಗೆ ಒಂದು ಫೈಟ್ ತಂದು ಕೂರಿಸುತ್ತೇವೆ. ನಿಮ್ಮ ಅಣ್ಣ ಹೊಡೆದಾಡುವವನಲ್ಲ. ದಯವಿಟ್ಟು ಹೊಡೆದಾಡಿಸಬೇಡಿ.

ಸಿನಿಮಾದೊಳಗೆ ಹೋಗುವ ಬಾಗಿಲು ಎಲ್ಲಿದೆ ಅಂತ ನೀವು ಕೇಳಿಲ್ಲ, ಆದರೆ 26,000 ರೂಪಾಯಿ ಲೆಕ್ಕದ ಹಿಂದೆ ಇರುವ ಪ್ರಶ್ನೆ ಅದೇ ಅಲ್ವಾ. 11 ಸಾವಿರ ಹೋಗಿದೆ, 15 ಸಾವಿರ ಉಳಿದಿದೆ. ನಾನಾದರೆ ಆ 15 ಸಾವಿರದಲ್ಲಿ 11ನೇ ಪುಟದ ಸೀನನ್ನೇ ಶೂಟ್ ಮಾಡುತ್ತಿದ್ದೆ. ಇಬ್ಬರು ನಟರು, ಒಂದು ತೂಬು, ಒಂದು ರಾತ್ರಿ. ಒಳ್ಳೆ ಮೊಬೈಲ್ ಇದ್ದರೂ ನಡೆಯುತ್ತದೆ, ಧ್ವನಿಗೆ ಮಾತ್ರ ದುಡ್ಡು ಹಾಕಿ. ಕಾಲುವೆ ಹತ್ತಿರ ಶೂಟಿಂಗ್‌ಗೆ ನೀರಾವರಿ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ. 168 ಪುಟ ಓದದ ನಿರ್ದೇಶಕರು ನಾಲ್ಕು ನಿಮಿಷದ ವಿಡಿಯೋ ನೋಡುತ್ತಾರೆ. ಗಾಂಧಿನಗರದಲ್ಲಿ ಹೊಸ ಬರಹಗಾರರು ಒಳಗೆ ಹೋಗುವುದು ಹೆಚ್ಚಾಗಿ ಒಬ್ಬ ನಿರ್ದೇಶಕರ ಟೀಮಿಗೆ ಸೇರಿ, ಕಥಾ ಚರ್ಚೆಯಲ್ಲಿ ಕೂತು, ಡೈಲಾಗ್ ಬರೆದು. ಉತ್ತರ ಕರ್ನಾಟಕದ ಮಾತು ಸರಿಯಾಗಿ ಬರೆಯುವವರಿಗೆ ಅಲ್ಲಿ ಈಗ ಕೆಲಸ ಇದೆ.

ಎನ್‌ಎಫ್‌ಡಿಸಿ, ಅಂದರೆ ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮದವರು, 2007ರಿಂದ ಸ್ಕ್ರೀನ್‌ರೈಟರ್ಸ್ ಲ್ಯಾಬ್ ನಡೆಸುತ್ತಿದ್ದಾರೆ. ಭಾರತದ ಭಾಷೆಗಳ ಕಥೆಗಳಿಗೆ ಅಲ್ಲಿ ಜಾಗ ಇದೆ. ಆಯ್ಕೆಯಾದರೆ ಅನುಭವಿಗಳು ಜೊತೆ ಕೂತು ತಿದ್ದಿಸುತ್ತಾರೆ. ಇಂಗ್ಲಿಷ್ ಪ್ರತಿಗೆ ದುಡ್ಡು ಖರ್ಚು ಮಾಡುವುದೇ ಆದರೆ ಅಲ್ಲಿಗೆ ಮಾಡಿ. ಈ ಸಲ ನಿಮ್ಮ ಗೆಳೆಯ ಮತ್ತು ನೀವು ಅಕ್ಕಪಕ್ಕ ಕೂತು ಮಾಡಿ, ಅವನೊಬ್ಬನಿಗೇ ಬಿಡಬೇಡಿ.

ಇನ್ನೊಂದು. ಆ ಅಮೆರಿಕದ ಸೈಟಿನಲ್ಲಿ ಸ್ಕ್ರಿಪ್ಟ್ ಇನ್ನೂ ಇದೆಯಾ ನೋಡಿ. ಇಂಥ ಕಡೆ ಸ್ಕ್ರಿಪ್ಟ್ ಇಟ್ಟಿದ್ದಕ್ಕೆ ತಿಂಗಳ ಬಾಡಿಗೆ ಇರುತ್ತದೆ, ನೀವು ನಿಲ್ಲಿಸುವವರೆಗೂ ಕಾರ್ಡಿನಿಂದ ತಾನಾಗೇ ಕಟ್ ಆಗುತ್ತಿರಬಹುದು. ಇವತ್ತೇ ಲಾಗಿನ್ ಆಗಿ ನಿಲ್ಲಿಸಿ.